ಪ್ಲಗ್ ಕಿತ್ತ ಮೇಲೂ ಕರೆಂಟ್ ಹೊಡೆಯುತ್ತದೆ: ಗೇಮ್ ಕನ್ಸೋಲ್ ಮನೆಯಲ್ಲಿ ಬಿಚ್ಚುವವರು ದಯವಿಟ್ಟು ಓದಿ

ಹೋದ ಮೇ ತಿಂಗಳಲ್ಲಿ ನನ್ನ ತಮ್ಮನಿಗೆ ಕರೆಂಟ್ ಹೊಡೆಯಿತು. ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೆ ಹೊಡೆಯಿತು. ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದುಕೊಂಡು ಕೂತಿದ್ದವಳು ನಾನು. "ಪ್ಲಗ್ ಕಿತ್ತಿದೀವಲ್ಲ, ಇನ್ನೇನ್ ಭಯ, ಬಿಚ್ಚು" ಅಂತ ಹೇಳಿದವಳೂ ನಾನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಲ್ಲೇ ಎಷ್ಟೋ ಮನೆಗಳಲ್ಲಿ ವಾರಂಟಿ ಮುಗಿದ ಕನ್ಸೋಲ್ (ಟಿವಿಗೆ ಹಾಕಿ ಗೇಮ್ ಆಡುವ ಡಬ್ಬ) ಇದೆ, ರಜೆಯಲ್ಲಿ ಹುಡುಗರು ವಿಡಿಯೋ ನೋಡಿಕೊಂಡು ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ದೊಡ್ಡವರಿಗೆ ಅದರಲ್ಲಿ ಅಪಾಯ ಇದೆ ಅಂತಲೇ ಗೊತ್ತಿರುವುದಿಲ್ಲ.

ನಮ್ಮ ಮನೆ ದಾವಣಗೆರೆಯ ವಿನೋಬನಗರದಲ್ಲಿ. ತಮ್ಮ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕನ್ಸೋಲ್ ತೆಗೆದುಕೊಂಡು ಐದು ವರ್ಷ ಆಗಿತ್ತು, ವಾರಂಟಿ ಇದ್ದದ್ದು ಒಂದೇ ವರ್ಷ. ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ಐದು ವರ್ಷ ಚೆನ್ನಾಗಿಯೇ ನಡೆಯಿತು.

ಏಪ್ರಿಲ್‌ನಲ್ಲಿ ಫ್ಯಾನ್ ಸದ್ದು ಜಾಸ್ತಿ ಆಯಿತು. ಅಡುಗೆಮನೆಗೆ ಕೇಳುವಷ್ಟು. ಆಮೇಲೆ ಇಪ್ಪತ್ತು ನಿಮಿಷ ಆಡಿದರೆ "ತುಂಬಾ ಬಿಸಿಯಾಗಿದೆ" ಅಂತ ಟಿವಿ ಮೇಲೆ ತೋರಿಸಿ ತಾನೇ ಆಫ್ ಆಗತೊಡಗಿತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಕನ್ಸೋಲ್ ಇದ್ದದ್ದು ಟಿವಿ ಶೋಕೇಸಿನ ಕೆಳಗಿನ ಖಾನೆಯಲ್ಲಿ, ಮುಂದೆ ಗಾಜಿನ ಬಾಗಿಲು. ಹೊರಗೆ ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಆ ಗಾಜು ತೆಗೆದಿಟ್ಟಿದ್ದರೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆ ಆಗುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಪಿ.ಜೆ. ಬಡಾವಣೆ ಕಡೆ ಒಂದು ಅಂಗಡಿಗೆ ತೆಗೆದುಕೊಂಡು ಹೋದೆವು. ಬಿಚ್ಚಿಯೂ ನೋಡಲಿಲ್ಲ. ಒಮ್ಮೆ ಆನ್ ಮಾಡಿ ಫ್ಯಾನ್ ಸದ್ದು ಕೇಳಿ, "ಬೋರ್ಡ್ ಹೋಗಿದೆ ಮೇಡಂ, ಎಂಟು ಸಾವಿರ ಆಗುತ್ತೆ, ಗ್ಯಾರಂಟಿ ಕೊಡಲ್ಲ" ಅಂದರು. ಎಂಟು ಸಾವಿರ ಕೊಟ್ಟು ಗ್ಯಾರಂಟಿಯೂ ಇಲ್ಲ ಅಂದರೆ ಯಾರು ಕೊಡುತ್ತಾರೆ? ಬೈಕ್ ಮೇಲೆ ವಾಪಸ್ ಬರುವಾಗಲೇ ತಮ್ಮ ಹೇಳಿದ, "ಅಕ್ಕಾ, ನಾವೇ ಮಾಡೋಣ, ಸ್ಕ್ರೂಡ್ರೈವರ್ ಸೆಟ್ ನಾನೂರೈವತ್ತು ಅಷ್ಟೇ."

ಮೊದಲ ಭಾನುವಾರ ಬಿಚ್ಚಿದೆವು. ಅದರ ಸ್ಕ್ರೂ ಮಾಮೂಲಿ ಸ್ಕ್ರೂ ಅಲ್ಲ, ನಕ್ಷತ್ರದ ಆಕಾರ, ನಡುವೆ ಒಂದು ಮೊಳೆಯಂಥದ್ದು ಎದ್ದಿರುತ್ತದೆ. ಅದಕ್ಕೆ ನಡುವೆ ತೂತಿರುವ ಬಿಟ್ ಬೇಕು. ನಮ್ಮ ಸೆಟ್‌ನಲ್ಲಿ ಆ ಬಿಟ್ ಇರಲಿಲ್ಲ. ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಒತ್ತಿ ತಿರುಗಿಸಿದೆವು, ಎರಡು ಸ್ಕ್ರೂ ತಲೆ ಸವೆದು ಹೋದವು. ಒಳಗೆ ಹಾಳೆಯಷ್ಟು ತೆಳುವಾದ ರಿಬ್ಬನ್ ಕೇಬಲ್ ಇರುತ್ತವೆ, ಅವುಗಳಿಗೆ ಚಿಕ್ಕ ಲಾಕ್ ಇರುತ್ತದೆ, ಲಾಕ್ ಎತ್ತದೆ ಎಳೆದರೆ ಕಿತ್ತು ಬರುತ್ತದೆ. ಅದೊಂದು ಮಾತ್ರ ತಮ್ಮ ಸರಿಯಾಗಿ ಮಾಡಿದ.

ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿತ್ತು. ಅದನ್ನು ಒರೆಸುವುದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, 90 ಪರ್ಸೆಂಟ್‌ಗಿಂತ ಮೇಲಿನದು. ನಮ್ಮ ಮನೆಯಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಇತ್ತು. ಅದರಲ್ಲೂ ಆಲ್ಕೋಹಾಲ್ ಇದೆಯಲ್ಲ ಅಂತ ಅದನ್ನೇ ಹಾಕಿದೆವು. ಇದನ್ನು ಮಾಡಬೇಡಿ. ಕೈ ಒಣಗದಿರಲಿ ಅಂತ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ನೀರೂ ಇರುತ್ತದೆ. ಆಲ್ಕೋಹಾಲ್ ಹಾರಿಹೋದರೂ ಗ್ಲಿಸರಿನ್ ಅಂಟಾಗಿ ಅಲ್ಲೇ ಕೂರುತ್ತದೆ. ಹೊಸ ಪೇಸ್ಟ್ ಹಾಕಿ, ಫ್ಯಾನ್ ರೆಕ್ಕೆ ಒರೆಸಿ ಮುಚ್ಚಿದೆವು. ಆನ್ ಆಯಿತು! ಎಂಟು ದಿನ ನಡೆಯಿತು. ಒಂಬತ್ತನೇ ದಿನ ಮತ್ತೆ ಅದೇ ಸದ್ದು, ಅದೇ ಬಿಸಿ, ಅದೇ ಆಫ್.

ಇಲ್ಲಿಗೆ ನಿಲ್ಲಿಸಿದ್ದರೆ ಕನ್ಸೋಲ್ ಉಳಿಯುತ್ತಿತ್ತು.

ತಮ್ಮ ಒಂದು ವಿಡಿಯೋ ತೋರಿಸಿದ. ಬೋರ್ಡ್ ಮೇಲೆ ಬಿಸಿ ಗಾಳಿ ಬಿಟ್ಟರೆ ಚಿಪ್ ಕೆಳಗಿನ ಬಿರುಕು ಬಿಟ್ಟ ಬೆಸುಗೆಯ ಗುಂಡುಗಳು ಕರಗಿ ಮತ್ತೆ ಕೂಡಿಕೊಳ್ಳುತ್ತವೆ ಅಂತ ಅದರಲ್ಲಿ ಹೇಳುತ್ತಾರೆ. ಇದು ಹಳೇ ಕಥೆ. 2005ರಲ್ಲಿ ಬಂದ ಮೈಕ್ರೋಸಾಫ್ಟ್ ಕಂಪನಿಯ ಕನ್ಸೋಲ್ ಎಕ್ಸ್‌ಬಾಕ್ಸ್ 360ರಲ್ಲಿ ಮೂರು ಕೆಂಪು ದೀಪ ಹತ್ತಿ ಲಕ್ಷಾಂತರ ಡಬ್ಬಗಳು ಸತ್ತಾಗ ಶುರುವಾದದ್ದು. ಆಗ ಜನ ಕನ್ಸೋಲ್‌ಗೆ ಟವೆಲ್ ಸುತ್ತಿ ಆನ್ ಮಾಡಿ ಬಿಸಿ ಮಾಡುತ್ತಿದ್ದರು, ಬೋರ್ಡನ್ನು ಓವನ್‌ನಲ್ಲಿ ಇಟ್ಟವರೂ ಇದ್ದರು. ಕೆಲವು ದಿನ ಜೀವ ಬರುತ್ತಿತ್ತು, ಆಮೇಲೆ ಹೋಗುತ್ತಿತ್ತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾತ್ರ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು, ಅದಕ್ಕಾಗಿ ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿಟ್ಟಿತು. 2021ರಲ್ಲಿ ಅವರೇ ಕಾರಣ ಬಿಡಿಸಿ ಹೇಳಿದರು. ಡಬ್ಬ ಮತ್ತೆ ಮತ್ತೆ ಬಿಸಿಯಾಗಿ ಆರುವುದರಿಂದ ಬಿರುಕು ಬಿಟ್ಟದ್ದು ಬಿಡಿಭಾಗದ ಒಳಗಿನ ಜೋಡಣೆ, ಬೋರ್ಡ್‌ಗೆ ಹಾಕಿದ ಬೆಸುಗೆ ಅಲ್ಲ ಅಂತ. ಅಂದರೆ ಇಷ್ಟು ವರ್ಷ ಜನ ಬೋರ್ಡ್ ಬೇಯಿಸಿದ್ದು ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಆಯಿತು ಅಲ್ವಾ?

ಇದೆಲ್ಲ ನಾನು ಆಮೇಲೆ ಓದಿದ್ದು. ಆವತ್ತು ತಮ್ಮ ಗೆಳೆಯನ ಮೊಬೈಲ್ ಅಂಗಡಿಯಿಂದ ಹಾಟ್ ಏರ್ ಮಷೀನ್ ತಂದ. ಈಗಿನ ಬೋರ್ಡ್‌ಗಳಲ್ಲಿ ಸೀಸ ಇಲ್ಲದ ಬೆಸುಗೆ ಇರುತ್ತದೆ, ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಇಡೀ ಬೋರ್ಡನ್ನು ಕೆಳಗಿನಿಂದಲೂ ನಿಧಾನವಾಗಿ ಬಿಸಿ ಮಾಡುವ ಮಷೀನ್ ಇಲ್ಲದೆ ಮೇಲಿನಿಂದ ಒಂದೇ ಕಡೆ ಕಾಯಿಸಿದರೆ ಬೋರ್ಡ್ ಬಾಗುತ್ತದೆ. ನಮ್ಮದೂ ಬಾಗಿತು. ಟೇಬಲ್ ಮೇಲೆ ಇಟ್ಟರೆ ಒಂದು ಮೂಲೆ ಅಕ್ಕಿಕಾಳಿನಷ್ಟು ಮೇಲೆದ್ದು ನಿಂತಿತ್ತು. ಟಿವಿ ಕೇಬಲ್ ಹಾಕುವ ಜಾಗದ ಹತ್ತಿರ ಪ್ಲಾಸ್ಟಿಕ್ ಅಂಚು ಮುದುಡಿತ್ತು. ಮನೆ ತುಂಬ ಸುಟ್ಟ ವಾಸನೆ. ಅಮ್ಮ ಒಳಗಿನಿಂದ "ಏನ್ ಸುಡ್ತಿದೀರೋ ಇಬ್ರೂ?" ಅಂತ ಕೂಗಿದರು. ಜೋಡಿಸಿ ಸ್ವಿಚ್ ಹಾಕಿದರೆ ದೀಪ ಒಂದು ಕ್ಷಣ ಹತ್ತಿ ಆರಿತು. ಆಮೇಲೆ ಏನೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಕನ್ಸೋಲ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಭಾಗ, ಕೆಟ್ಟಿರಬಹುದು ಅಂತ ತಮ್ಮನಿಗೆ ಅನುಮಾನ ಬಂತು. ನಮ್ಮ ಕನ್ಸೋಲ್‌ನಲ್ಲಿ ಅದು ಹೊರಗಿನ ಅಡಾಪ್ಟರ್ ಅಲ್ಲ, ಡಬ್ಬದ ಒಳಗೇ ಇರುತ್ತದೆ. ಅದನ್ನು ಹೊರಗೆ ತೆಗೆದು, ಅದರ ಪ್ಲಾಸ್ಟಿಕ್ ಕವಚವನ್ನೂ ಬಿಚ್ಚಿ, ಅದೊಂದನ್ನೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ಮಲ್ಟಿಮೀಟರ್‌ನಲ್ಲಿ ನೋಡಿದ. ಪ್ಲಗ್ ಕಿತ್ತ. ನಾನು ಟಾರ್ಚ್ ಹತ್ತಿರ ಹಿಡಿದೆ. ತಿರುಗಿಸಿ ನೋಡೋಣ ಅಂತ ಅದನ್ನು ಒಂದೇ ಕೈಯಲ್ಲಿ ಎರಡೂ ಕಡೆಯಿಂದ ಹಿಡಿದು ಎತ್ತಿದ ಅಷ್ಟೇ. ಚಟ್ ಅಂತ ಒಂದು ಸದ್ದು. ಅವನ ಕೈ ಹಿಂದಕ್ಕೆ ಹಾರಿತು, ಮೊಣಕೈ ಗೋಡೆಗೆ ಬಡಿಯಿತು, ಪವರ್ ಸಪ್ಲೈ ನನ್ನ ಕಾಲ ಹತ್ತಿರ ಬಿತ್ತು. ಅವನು ಕೂಗಲೂ ಇಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಆ ಎರಡು ಮೂರು ಸೆಕೆಂಡ್ ನಾನು ಸಾಯುವವರೆಗೂ ಮರೆಯಲ್ಲ. ಆಮೇಲೆ ನೋಡಿದರೆ ಹೆಬ್ಬೆರಳಲ್ಲಿ ಒಂದು, ತೋರುಬೆರಳಲ್ಲಿ ಒಂದು, ಸಾಸಿವೆ ಕಾಳಿನಷ್ಟು ಬಿಳಿ ಸುಟ್ಟ ಗುರುತು.

ಯಾಕೆ ಹೀಗಾಯಿತು ಅಂತ ಎಲ್ಲರಿಗೂ ಗೊತ್ತಿರಬೇಕು. ಗೋಡೆಯಿಂದ ಬರುವುದು 230 ವೋಲ್ಟ್ ಎಸಿ. ಪವರ್ ಸಪ್ಲೈ ಅದನ್ನು ಮೊದಲು ಡಿಸಿ ಮಾಡಿ ಒಂದು ದಪ್ಪ ಕೆಪ್ಯಾಸಿಟರ್‌ನಲ್ಲಿ ತುಂಬಿಕೊಳ್ಳುತ್ತದೆ, ರಿಪೇರಿಯವರು ಇದನ್ನು ಕಂಡೆನ್ಸರ್ ಅಂತಲೂ ಅನ್ನುತ್ತಾರೆ. ಅಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಪ್ಲಗ್ ಕಿತ್ತ ತಕ್ಷಣ ಅದು ಖಾಲಿ ಆಗುವುದಿಲ್ಲ. ಕನ್ಸೋಲ್ ಒಳಗೆ ಇದ್ದಾಗ ಬೋರ್ಡ್ ಸ್ವಲ್ಪ ಸ್ವಲ್ಪ ಎಳೆದುಕೊಂಡು ಖಾಲಿ ಮಾಡುತ್ತದೆ. ನಾವು ಅದನ್ನು ಹೊರಗೆ ತೆಗೆದು, ಯಾವ ಲೋಡೂ ಇಲ್ಲದೆ ಪ್ಲಗ್ ಹಾಕಿ ತೆಗೆದಿದ್ದೆವು. ತುಂಬಿದ್ದು ಖಾಲಿ ಆಗಲು ದಾರಿಯೇ ಇರಲಿಲ್ಲ, ತಮ್ಮನ ಬೆರಳೇ ದಾರಿ ಆಯಿತು. ಪವರ್ ಸಪ್ಲೈ ಕೆಟ್ಟಿದ್ದರೂ ಇದೇ ಕಥೆ, ಕೆಟ್ಟದ್ದರಲ್ಲೇ ಚಾರ್ಜ್ ಜಾಸ್ತಿ ಹೊತ್ತು ನಿಲ್ಲಬಹುದು. ಹಾಗಾಗಿ "ಐದು ನಿಮಿಷ ಬಿಟ್ಟು ಮುಟ್ಟಿ", "ಹತ್ತು ನಿಮಿಷ ಬಿಟ್ಟು ಮುಟ್ಟಿ" ಅನ್ನುವ ಲೆಕ್ಕವನ್ನು ನಂಬಬೇಡಿ. ಮೀಟರ್ ಇಟ್ಟು ಅಳೆಯದೆ ಅದು ಖಾಲಿ ಆಗಿದೆ ಅಂತ ಯಾರೂ ಹೇಳಲಾರರು.

ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. "ನನಗೇನೂ ಆಗಿಲ್ಲ ಅಕ್ಕಾ, ಸುಮ್ನೆ ಯಾಕೆ" ಅಂತಲೇ ಇದ್ದ. ಆದರೂ ಕರೆದುಕೊಂಡು ಹೋಗಿ. ಕರೆಂಟ್ ಹೊಡೆದಾಗ ಎದೆಬಡಿತ ಏರುಪೇರಾಗಬಹುದು, ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಇಸಿಜಿ ತೆಗೆದರು, ಕೆಲವು ಗಂಟೆ ಕೂರಿಸಿಕೊಂಡು ಕಳಿಸಿದರು. ದೇವರು ದೊಡ್ಡವನು. ಒಂದು ಕೈಯಲ್ಲೇ, ಎರಡು ಬೆರಳ ನಡುವೆ ಹಾದುಹೋಗಿತ್ತು. ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹೋಗಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲೂ ಆಗಲ್ಲ.

ಒಂದು ವಾರ ಬಿಟ್ಟು ಆ ಚೂರುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಮಂಡಿಪೇಟೆ ಹಿಂದಿನ ಗಲ್ಲಿಯಲ್ಲಿ ಹಳೇ ಟಿವಿ ರಿಪೇರಿ ಮಾಡುವ ಯಜಮಾನರೊಬ್ಬರ ಹತ್ತಿರ ಹೋದೆವು. ಅವರು ಮೊದಲು ಮಾಡಿದ ಕೆಲಸ ನೋಡಿ: ಹೋಲ್ಡರ್‌ಗೆ ಹಾಕಿದ ಒಂದು ಹಳೇ ಕಾಲದ, ಒಳಗೆ ತಂತಿ ಇರುವ 60 ವ್ಯಾಟ್ ಬಲ್ಬಿನ ಎರಡು ವೈರನ್ನು ಕೆಪ್ಯಾಸಿಟರ್‌ನ ಎರಡು ಕಾಲಿಗೆ ಮುಟ್ಟಿಸಿದರು. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು. ಆಮೇಲೆ ಮೀಟರ್ ಇಟ್ಟು ಸೊನ್ನೆ ಬಂದದ್ದನ್ನು ನೋಡಿ ಕೈಗೆತ್ತಿಕೊಂಡರು. "ನಲವತ್ತು ವರ್ಷ ಆಯ್ತಮ್ಮ ನಾನು ಈ ಕೆಲ್ಸ ಮಾಡ್ತಾ, ಇವತ್ತಿಗೂ ಇದನ್ನ ಮಾಡ್ದೆ ಮುಟ್ಟಲ್ಲ" ಅಂದರು.

ಆಮೇಲೆ ಹೀಟ್ ಸಿಂಕ್, ಅಂದರೆ ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿಗಳ ಭಾಗ, ತಿರುಗಿಸಿ ದೀಪದ ಬೆಳಕಿಗೆ ಹಿಡಿದರು. ಫ್ಯಾನ್ ಗಾಳಿ ಒಳಗೆ ನುಗ್ಗುವ ಕಡೆ, ಆ ತೆಳು ಪಟ್ಟಿಗಳ ಸಂದಿಯಲ್ಲಿ ಚಿಮುಟ ತೂರಿಸಿ ಎಳೆದರು. ಬೂದು ಬಣ್ಣದ ಧೂಳು, ಹೂಬತ್ತಿಯಷ್ಟು ದಪ್ಪಕ್ಕೆ ಅರಳೆಯ ಹಾಗೆ ಕಟ್ಟಿಕೊಂಡಿತ್ತು, ಒಂದೇ ಎಳೆಯಾಗಿ ಬಂತು. ನಾವು ಫ್ಯಾನ್ ಒರೆಸಿದ್ದೆವು, ಪೇಸ್ಟ್ ಹಾಕಿದ್ದೆವು, ಅದರ ಹಿಂದೆಯೇ ಇದ್ದ ಈ ಸಂದಿಯನ್ನು ನೋಡಿರಲಿಲ್ಲ. "ಬರೀ ಧೂಳು ಕಣಪ್ಪಾ ಇದು. ಮೊದ್ಲೇ ತರಬಾರ್ದಾ? ಆರುನೂರು ರೂಪಾಯಿ ಕೆಲ್ಸ. ಬೋರ್ಡನ್ನ ನೀವೇ ಸುಟ್ಟಿದೀರಿ" ಅಂದರು. ತಮ್ಮ ತಲೆ ತಗ್ಗಿಸಿಕೊಂಡು ನಿಂತಿದ್ದ. ನನಗೆ ಅಂಗಡಿಯವರು ಹೇಳಿದ "ಬೋರ್ಡ್ ಹೋಗಿದೆ" ನೆನಪಾಗಿ ಹೊಟ್ಟೆ ಉರಿಯಿತು.

ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇದೆ, ಆದರೆ ಪ್ರಯೋಜನವಿಲ್ಲ. ಅದರಲ್ಲಿರುವುದು ಆ ಬೋರ್ಡ್‌ಗೆ ಮಾತ್ರ ಓದಲು ಬರುವ ಹಾಗೆ ಬೀಗ ಹಾಕಿರುತ್ತದೆ, ಬೇರೆ ಡಬ್ಬಕ್ಕೆ ಹಾಕಿದರೆ ಫಾರ್ಮ್ಯಾಟ್ ಕೇಳುತ್ತದೆ. ಐದು ವರ್ಷದ ಆಟ ಹೋಯಿತು. ನಿಮ್ಮದು ಇನ್ನೂ ಆನ್ ಆಗುತ್ತಿದ್ದರೆ ಮತ್ತು ಅದರಲ್ಲಿ ಅವಕಾಶ ಇದ್ದರೆ ಇವತ್ತೇ ಪೆನ್‌ಡ್ರೈವ್‌ಗೆ ಸೇವ್ ಫೈಲ್ (ಆಟ ಎಲ್ಲಿಯವರೆಗೆ ಆಡಿದ್ದೀರಿ ಅನ್ನುವ ದಾಖಲೆ) ಕಾಪಿ ಮಾಡಿಕೊಳ್ಳಿ. ಡಿಸ್ಕ್ ಡ್ರೈವ್ ಬದಲಿಸುವವರೂ ಗಮನಿಸಿ, ತುಂಬಾ ಕನ್ಸೋಲ್‌ಗಳಲ್ಲಿ ಅದರ ಚಿಕ್ಕ ಬೋರ್ಡ್ ಮುಖ್ಯ ಬೋರ್ಡ್‌ಗೆ ಜೋಡಿ, ಹಳೇ ಡಬ್ಬದ್ದನ್ನು ತಂದು ಹಾಕಿದರೆ ಡಿಸ್ಕ್ ಓದುವುದಿಲ್ಲ.

ಸೋನಿಯ ಪ್ಲೇಸ್ಟೇಷನ್ 5 (ಪಿಎಸ್ 5) ಇರುವವರು ಇನ್ನೂ ಹುಷಾರಾಗಿರಿ. ನಮ್ಮ ದೇಶಕ್ಕೆ ಅದು ಬಂದದ್ದು 2021ರ ಫೆಬ್ರವರಿಯಲ್ಲಿ, ಆಗ ತಗೊಂಡವರ ವಾರಂಟಿ ಎಲ್ಲ ಮುಗಿದಿದೆ. ಅದರ ಚಿಪ್ ಮೇಲೆ ಇರುವುದು ಪೇಸ್ಟ್ ಅಲ್ಲ, ನೀರಿನ ಹಾಗೆ ಹರಿಯುವ ಲೋಹ, ಗ್ಯಾಲಿಯಂ ಬೆರೆತದ್ದು. ಅದರಲ್ಲಿ ಕರೆಂಟ್ ಹರಿಯುತ್ತದೆ. ಒಂದು ಹನಿ ಜಾರಿ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್. ಪೇಸ್ಟ್ ಬದಲಿಸುವ ವಿಡಿಯೋ ನೋಡಿ ಅದರ ಹೀಟ್ ಸಿಂಕ್ ಎತ್ತಬೇಡಿ.

ಶೋಕೇಸಿನಿಂದ ಹೊರಗೆ ತೆಗೆದಿಡುವುದು, ಬೇರೆ ಕೇಬಲ್, ಬೇರೆ ಪ್ಲಗ್ ಹಾಕಿ ನೋಡುವುದು, ಹೊರಗಿನ ಗಾಳಿಕಿಂಡಿ ಸ್ವಚ್ಛ ಮಾಡುವುದು, ಇಷ್ಟನ್ನು ಯಾರು ಬೇಕಾದರೂ ಮಾಡಿ. ಅಂಗಡಿಗೆ ಕೊಟ್ಟರೆ ಬಿಚ್ಚಿ ತೋರಿಸಿ ಅಂತ ಕೇಳಿ, ಏನು ಕೆಟ್ಟಿದೆ, ಎಷ್ಟು ಆಗುತ್ತದೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಎತ್ತಿಕೊಂಡು ಬನ್ನಿ. ಮೋಸ ಆಗಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಮನೆಯಲ್ಲಿ ಹುಡುಗರು ಆಗಲೇ ಮುಚ್ಚಳ ಬಿಚ್ಚಿ ಕೂತಿದ್ದರೆ ಬೈಯಬೇಡಿ, ಪವರ್ ಸಪ್ಲೈ ಯಾವುದು ಅಂತ ಕೇಳಿ, ಅದನ್ನು ಮುಟ್ಟಿಲ್ಲ ತಾನೇ ಅಂತ ಕೇಳಿ.

ತಮ್ಮನ ಬೆರಳಿನ ಗುರುತು ಈಗ ಮಾಸಿದೆ. ಡಬ್ಬ ಅಟ್ಟದ ಮೇಲಿದೆ. ಪವರ್ ಸಪ್ಲೈ ಮಾತ್ರ ಮನೆಯೊಳಗೆ ಬೇಡ ಅಂತ ಅಮ್ಮ ಹಟ ಹಿಡಿದರು, ಅದನ್ನು ಆ ಯಜಮಾನರ ಅಂಗಡಿಯಲ್ಲೇ ಬಿಟ್ಟು ಬಂದೆವು.