ಎಎ ಸಭೆಗಳು: ಶುಲ್ಕವಿಲ್ಲ, ಹೊಣೆಯಿಂದ ವಿನಾಯಿತಿಯೂ ಇಲ್ಲ

ಕುಡಿತ ಬಿಡಲು ಕುಡುಕರೇ ಪರಸ್ಪರ ನೆರವಾಗುವ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ). ಬೆಂಗಳೂರಿನಲ್ಲಿ ಕನ್ನಡದಲ್ಲಿ ನಡೆಯುವ ಅದರ ಸಭೆಗಳಲ್ಲಿ ಕೆಲವಕ್ಕೆ ಮನೆಯವರಿಗೂ ಪ್ರವೇಶವಿದೆ. ಅಂತಹ ಮುಕ್ತ ಸಭೆಗಳಿಗೆ ನನ್ನ ಅಣ್ಣನ ಜೊತೆ ಹೋಗುತ್ತಾ ಬಂದಿರುವುದರಿಂದ, ಕುಡಿತ ಬಿಡಿಸುವ ದಾರಿ ಹುಡುಕುತ್ತಿರುವ ಕುಟುಂಬಗಳಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಸಭೆಯಲ್ಲಿ ಚಿಕಿತ್ಸೆ ಸಿಗುವುದಿಲ್ಲ. ಅದಕ್ಕೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಂತಹ ಕಡೆಗೆ ಮೊದಲು ಹೋಗಬೇಕು.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡದ್ದರಿಂದ ಹುಟ್ಟಿದ ಈ ಕೂಟಕ್ಕೆ ಹನ್ನೆರಡು ಹೆಜ್ಜೆಗಳೇ ಆಧಾರ. ಮದ್ಯದ ಮುಂದೆ ತಾನು ಅಸಹಾಯಕ ಎಂದು ಒಪ್ಪಿಕೊಳ್ಳುವ ಮೊದಲ ಹೆಜ್ಜೆಯನ್ನು ಕೇಳಿ, ಇದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿಯಲ್ಲವೇ ಎಂದು ನಮ್ಮ ಮನೆಯಲ್ಲೂ ಅನುಮಾನ ಪಟ್ಟವರಿದ್ದರು. ನಾಲ್ಕನೆಯ ಹೆಜ್ಜೆಯಿಂದಲೇ ಆ ಅನುಮಾನಕ್ಕೆ ಉತ್ತರ ಸಿಗತೊಡಗುತ್ತದೆ. ಅಲ್ಲಿ ತನ್ನ ನಡತೆಯನ್ನು ಅಂಜದೆ ಒರೆಗೆ ಹಚ್ಚಬೇಕು, ಐದನೆಯದರಲ್ಲಿ ಅದನ್ನು ಇನ್ನೊಬ್ಬ ಮನುಷ್ಯನೆದುರು ಬಾಯಿಬಿಟ್ಟು ಹೇಳಬೇಕು, ಎಂಟು ಮತ್ತು ಒಂಬತ್ತರಲ್ಲಿ ತನ್ನಿಂದ ನೊಂದವರ ಪಟ್ಟಿ ಮಾಡಿ, ಸಾಧ್ಯವಿದ್ದಲ್ಲೆಲ್ಲ ನೇರವಾಗಿ ಹೋಗಿ ಸರಿಪಡಿಸಬೇಕು. ಆದರೆ ಹಾಗೆ ಸರಿಪಡಿಸಲು ಹೋಗಿ ಅವರಿಗೋ ಬೇರೆಯವರಿಗೋ ಮತ್ತೆ ನೋವಾಗುವಂತಿದ್ದರೆ ಸುಮ್ಮನಿರಬೇಕು. ಈ ಷರತ್ತಿನ ಬೆಲೆ ನಮಗೆ ಗೊತ್ತಾದದ್ದು, ಅಣ್ಣ ಹಳೆಯದನ್ನೆಲ್ಲ ಒಂದೇ ಸಂಜೆ ಅತ್ತಿಗೆಯ ಮುಂದೆ ಸುರಿಯಲು ಹೊರಟಾಗ. "ಇದು ಅವರಿಗಾಗಿಯೋ, ನಿಮ್ಮ ಮನಸ್ಸು ಹಗುರವಾಗಲೆಂದೋ?" ಎಂದು ಅವನ ಸ್ಪಾನ್ಸರ್, ಅಂದರೆ ಈ ಹೆಜ್ಜೆಗಳಲ್ಲಿ ಅವನಿಗೆ ದಾರಿ ತೋರುವ ಹಳೆಯ ಸದಸ್ಯರು, ಕೇಳಿದರು. ಅಣ್ಣ ಆ ಸಂಜೆ ಏನೂ ಹೇಳಲಿಲ್ಲ. ಮರುದಿನದಿಂದ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸವನ್ನು ತಾನೇ ವಹಿಸಿಕೊಂಡ. ಅಧ್ಯಾತ್ಮ ಎಂಬುದು ನನಗೆ ಅರ್ಥವಾಗುವ ರೂಪದಲ್ಲಿ ಕಂಡದ್ದು ಅಲ್ಲಿಯೇ.

ದೇವರ ಮಾತು ಬರುತ್ತದೆ, ನಿಜ. ಆದರೆ ಅವರವರು ಅರಿತ ದೇವರು ಎಂಬಷ್ಟು ಅವಕಾಶವಿದೆ. ನಂಬದವರು ತಮಗಿಂತ ದೊಡ್ಡ ಶಕ್ತಿಯೆಂದು ಆ ಗುಂಪನ್ನೇ ಭಾವಿಸಿಕೊಳ್ಳಬಹುದು.

ಕೊರತೆಯೆಂದರೆ, ಸ್ಪಾನ್ಸರ್ ಆಗುವವರು ತರಬೇತಿ ಪಡೆದ ಆಪ್ತಸಮಾಲೋಚಕರಲ್ಲ, ತಮ್ಮ ಅನುಭವವನ್ನೇ ನೆಚ್ಚಿಕೊಂಡ ಸದಸ್ಯರು. ಆದ್ದರಿಂದ ಯಾರು ಸಿಗುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಹೊಂದಿಕೆಯಾಗದಿದ್ದರೆ ಸಂಕೋಚವಿಲ್ಲದೆ ಬದಲಿಸಿಕೊಳ್ಳಬಹುದು. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎಂದು ಯಾರೇ ಹೇಳಿದರೂ ಕೇಳಬಾರದು.

ಸದಸ್ಯತ್ವಕ್ಕೆ ಕುಡಿತ ಬಿಡುವ ಆಸೆಯೊಂದೇ ಸಾಕು. ಖರ್ಚನ್ನು ಸದಸ್ಯರ ಕಾಣಿಕೆಯಿಂದಲೇ ನೀಗಿಸುತ್ತಾರೆ, ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ. ಕುಡಿಯುವವರು ಬರಲೊಪ್ಪದಿದ್ದರೆ ಮನೆಯವರು ಕಾಯುತ್ತಾ ಕೂರಬೇಕಿಲ್ಲ. 1951ರಲ್ಲಿ ಕುಟುಂಬದವರಿಗಾಗಿಯೇ ಆರಂಭವಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟಕ್ಕೆ ತಾವೇ ಮೊದಲು ಹೋಗಬಹುದು.