ಹಸು ಟ್ರೀಟ್ಮೆಂಟಿಗೆ ಬರೀ ಟೋಟಲ್ ಬರ್ದಿರೋ ಬಿಲ್ ಇಸ್ಕೋಬೇಡಿ, ನಮಗಾದದ್ದು ಓದಿ

ಹಸು ಸಾಕೋರು ಯಾರ್ಯಾರಿದೀರೋ ದಯವಿಟ್ಟು ಪೂರ್ತಿ ಓದಿ. ಹೋದ ಮಳೆಗಾಲದಲ್ಲಿ ನಮ್ಮ ಎಚ್‌ಎಫ್ ತಳಿ ಹಸು, ಕರು ಹಾಕಿ ಎರಡು ತಿಂಗಳಾಗಿತ್ತು, ಎರಡು ಹೊತ್ತೂ ಸೇರಿ 16 ಲೀಟರ್ ಕೊಡ್ತಿತ್ತು, ಒಂದಿನ ಬೆಳಿಗ್ಗೆ ಬೂಸಾಗೆ ಬಾಯೇ ಹಾಕ್ಲಿಲ್ಲ. ಮೈ ಸುಡ್ತಿತ್ತು, ಮುಂಗಾಲಿನ ಮೇಲೆ ಗಡ್ಡೆ ಥರ ಊದ್ಕೊಂಡಿತ್ತು. ಅವತ್ತು ಭಾನುವಾರ, ಅಪ್ಪ ಗಾಬರಿ ಬಿದ್ದು ಪಕ್ಕದೂರಿನ ಪ್ರೈವೇಟ್ ಡಾಕ್ಟ್ರನ್ನ ಕರೆಸಿದ್ರು. ಉಣ್ಣೆ ಹುಳ ಕಚ್ಚಿ ಬರೋ ಥೈಲೇರಿಯಾ ಕಾಯಿಲೆ ಇರ್ಬೇಕು ಅಂದ್ರು, ಮೂರು ಇಂಜೆಕ್ಷನ್ ಮಾಡಿ ಒಂದು ಬಾಟ್ಲು ಏರಿಸಿ, ಖಾಲಿ ಸೀಸೆನೂ ಬ್ಯಾಗಿಗೆ ಹಾಕ್ಕೊಂಡು ಹೊರಟ್ರು. ಬಿಲ್ ಕೇಳಿದ್ದಕ್ಕೆ ಒಂದು ಚೀಟಿ ಕೊಟ್ರು. "ಹಸು ಚಿಕಿತ್ಸೆ, 7,400" ಅಂತ ಒಂದೇ ಸಾಲು, ಕೆಳಗೊಂದು ಸಹಿ. ತಾರೀಕೂ ಇಲ್ಲ.

ಮಂಗಳವಾರ ಬೆಳಿಗ್ಗೆ ಹಸು ಏಳೋಕೇ ಆಗ್ತಿರ್ಲಿಲ್ಲ, ಪಶು ಚಿಕಿತ್ಸೆ ಸಹಾಯವಾಣಿ 1962ಕ್ಕೆ ಫೋನ್ ಮಾಡಿದ್ವಿ, ಸರ್ಕಾರಿ ಗಾಡಿ ಬಂತು. ಆ ಡಾಕ್ಟ್ರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದ್ರೆ ಒಳಗೆ ಬಿಳಿಚ್ಕೊಂಡಿತ್ತು. ಮೊದಲು ಕೇಳಿದ್ದೇ, ಬುಪಾರ್ವಾಕ್ವೋನ್ ಕೊಟ್ಟಿದಾರಾ, ಯಾವಾಗ, ಎಷ್ಟು ಎಂಎಲ್? ಥೈಲೇರಿಯಾಗೆ ಅದೇ ಮುಖ್ಯ ಔಷಧಿ, 20 ಕೆಜಿ ತೂಕಕ್ಕೆ 1 ಎಂಎಲ್ ಲೆಕ್ಕ, ಅಂದ್ರೆ 400 ಕೆಜಿ ಹಸುಗೆ 20 ಎಂಎಲ್, ಗುಣ ಕಾಣ್ದಿದ್ರೆ 48ರಿಂದ 72 ಗಂಟೆ ಒಳಗೆ ಇನ್ನೊಂದು ಸಲ ಕೊಡ್ತಾರಂತೆ. ನಾನು ಆ ಚೀಟಿ ತೋರಿಸ್ದೆ. ಅವ್ರು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ರು, ಏನೂ ಅನ್ಲಿಲ್ಲ. ಮೊದಲನೇ ಡಾಕ್ಟ್ರ ಫೋನ್ ಸಿಕ್ಕಿದ್ದು ಮಧ್ಯಾಹ್ನದ ಮೇಲೆ. ಬಿಲ್ ಸರಿ ಇದ್ದಿದ್ರೆ ಹಸು ಉಳೀತಿತ್ತು ಅಂತ ನಾನು ಹೇಳಲ್ಲ, ಆದ್ರೆ ಆ ಅರ್ಧ ದಿನ ನಮ್ ಕೈಲಿರ್ತಿತ್ತು. ಗುರುವಾರ ಹೋಯ್ತು.

ಇನ್ಶೂರೆನ್ಸ್ ಇತ್ತು, ಪೋಸ್ಟ್‌ಮಾರ್ಟಂ ಮಾಡ್ಸಿದ್ವಿ, ಓಲೆ, ಅಂದ್ರೆ ಹಸು ಕಿವಿಗೆ ಹಾಕಿರೋ ನಂಬರ್ ಟ್ಯಾಗ್, ಅದನ್ನೂ ಕೊಟ್ವಿ. ಟ್ರೀಟ್ಮೆಂಟ್ ಬಿಲ್ ಕೇಳಿದ್ರು, ಚೀಟಿ ಕೊಟ್ಟಿದ್ದಕ್ಕೆ ಇದು ಯಾವ ಹಸುದು ಅಂದ್ರು. ನಮ್ ಕೊಟ್ಟಿಗೇಲಿ ಮೂರಿದ್ವು, ಏನಂತ ಹೇಳೋದು? ಮೂರು ವಾರ ಆದ್ಮೇಲೆ ಡಾಕ್ಟ್ರ ಹತ್ರ ಹೋದ್ರೆ, ಅವತ್ತು ಎಂಟು ಮನೆ ಸುತ್ತಿದ್ದೆ ಕಣಪ್ಪ, ಏನೇನು ಹಾಕಿದ್ದೆ ಅಂತ ಸರಿಯಾಗಿ ನೆನಪಿಲ್ಲ, ನೆನಪಿಲ್ದೆ ಹಳೇ ತಾರೀಕು ಹಾಕಿ ಬರೆಯೋಕಾಗಲ್ಲ ಅಂದ್ರು. ಅದೂ ನಿಜಾನೇ, ಸುಳ್ಳು ಬಿಲ್ ಆಗೋದು.

ಅದಕ್ಕೇ ಹೇಳ್ತಿರೋದು, ಡಾಕ್ಟ್ರು ಬೈಕ್ ಹತ್ತೋಕೆ ಮುಂಚೆ ಬಿಲ್ ನೋಡ್ಕೊಳಿ. ಓಲೆ ಮೇಲಿನ 12 ಅಂಕಿ, ತಾರೀಕು, ಟೈಮು, ಏನು ಕಾಯಿಲೆ ಅನ್ನೋ ಅನುಮಾನ, ಪ್ರತಿ ಔಷಧಿ ಹೆಸರು, ಎಷ್ಟು ಎಂಎಲ್, ಅದ್ರ ರೇಟು, ಡಾಕ್ಟ್ರ ಫೀಸ್ ಬೇರೆ ಸಾಲಲ್ಲಿ, ಕೆಳಗೆ ಅವ್ರ ಹೆಸರು, ಪಶುವೈದ್ಯಕೀಯ ಪರಿಷತ್ತಿನ ರಿಜಿಸ್ಟ್ರೇಷನ್ ನಂಬರ್. ಅರ್ಜೆಂಟ್ ಅಂದ್ರೆ ಖಾಲಿ ಸೀಸೆಗಳ ಫೋಟೋ ಆದ್ರೂ ತೆಗ್ದಿಟ್ಕೊಳಿ, ಲೇಬಲ್ ಕಾಣೋ ಹಾಗೆ. ಆಂಟಿಬಯೋಟಿಕ್ ಕೊಟ್ಟಿದ್ರೆ ಎಷ್ಟು ದಿನ ಹಾಲು ಡೇರಿಗೆ ಹಾಕ್ಬಾರ್ದು ಅನ್ನೋದನ್ನೂ ಅದ್ರಲ್ಲೇ ಬರೆಸ್ಕೊಳಿ, ನಮ್ ಒಂದು ಕ್ಯಾನ್ ಹಾಲು ಇಡೀ ಊರಿನ ಹಾಲಿಗೆ ಸೇರುತ್ತೆ. ನಾಯಿ ಬೆಕ್ಕು ಸಾಕೋರಿಗೂ ಒಂದು ಮಾತು, ಪ್ರಾಣಿಗಳ ಚಿಕಿತ್ಸೆ ಸೇವೆಗೆ ಜಿಎಸ್‌ಟಿ ಇಲ್ಲ, ಎಲ್ಲಾ ಸೇರ್ಸಿ ಒಂದೇ ಟೋಟಲ್ ಹಾಕಿದ್ರೆ ಯಾವುದಕ್ಕೆ ಟ್ಯಾಕ್ಸ್ ಹಾಕಿದಾರೆ ಅಂತಾನೇ ಗೊತ್ತಾಗಲ್ಲ.

ನಮ್ ಕ್ಲೇಮ್ ಇನ್ನೂ ಬಂದಿಲ್ಲ. ಹೋದ ವಾರ ಇನ್ನೊಂದು ಹಸುಗೆ ಕೆಚ್ಚಲು ಬಾವು ಆಗಿ ಡಾಕ್ಟ್ರು ಬಂದಿದ್ರು, ಅಪ್ಪ ಟಾರ್ಚ್ ಬಿಟ್ಕೊಂಡು ಕಿವಿ ಹಿಡಿದು ಓಲೆ ನಂಬರ್ ಒಂದೊಂದೇ ಅಂಕಿ ಓದಿ ಹೇಳಿದ್ರು, ಡಾಕ್ಟ್ರು ಬಿಲ್ಲಲ್ಲಿ ಬರ್ಕೊಂಡ್ರು.