ಪಿಎಚ್‌ಡಿ: ರಾಜ್ಯ ವಿಶ್ವವಿದ್ಯಾಲಯವೋ, ರಾಷ್ಟ್ರೀಯ ಸಂಸ್ಥೆಯೋ?

ಅಧ್ಯಾಪಕರಾಗಬೇಕೆಂದಿರುವವರು ಪಿಎಚ್‌ಡಿಗೆ ಹೆಸರಾಂತ ಸಂಸ್ಥೆಯನ್ನೇ ಸೇರಬೇಕೇ ಎಂದು ನನ್ನ ಎಂಎಸ್ಸಿ ವಿದ್ಯಾರ್ಥಿಗಳು ಪ್ರತಿವರ್ಷವೂ ಕೇಳುತ್ತಾರೆ. ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮುಗಿಸಿ, ಆಮೇಲೆ ಬೆಂಗಳೂರಿನ ಕೇಂದ್ರ ಸಂಶೋಧನಾ ಸಂಸ್ಥೆಯೊಂದರಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿಯ ನಂತರದ ತಾತ್ಕಾಲಿಕ ಸಂಶೋಧಕ) ಆಗಿದ್ದು, ಎರಡೂ ವಿಳಾಸಗಳಿಂದ ಕೆಲಸಕ್ಕೆ ಅರ್ಜಿ ಹಾಕಿದವನು ನಾನು.

ಹಣದ ವಿಷಯದಲ್ಲಿ ವ್ಯತ್ಯಾಸವಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತಿದ್ದು, ಎಲ್ಲಿ ಸೇರಿದರೂ ಮೊತ್ತ ಅಷ್ಟೇ. ನಿಜವಾದ ಅಂತರವಿರುವುದು ಸಮಯದಲ್ಲಿ. ವಿಶ್ವವಿದ್ಯಾಲಯದಲ್ಲಿ ಒಂದು ಸಂಯುಕ್ತ ತಯಾರಾದರೆ ಅದನ್ನು ಚೆನ್ನಾಗಿ ಒಣಗಿಸಿ, ಪುಟ್ಟ ಸೀಸೆಗೆ ತುಂಬಿ, ಗೈಡ್ ಸಹಿ ಹಾಕಿದ ಅರ್ಜಿಯೊಂದಿಗೆ ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಪರೀಕ್ಷೆಗೆ ಬೇರೆ ಊರಿಗೆ ಕಳುಹಿಸಿ ವಾರಗಟ್ಟಲೆ ಕಾಯುತ್ತಿದ್ದೆವು. ಸಂಸ್ಥೆಯಲ್ಲಿ ಬೆಳಿಗ್ಗೆ ಕೊಟ್ಟ ಸ್ಯಾಂಪಲ್‌ನ ಸ್ಪೆಕ್ಟ್ರಮ್ (ಆ ಪರೀಕ್ಷೆಯ ಫಲಿತಾಂಶ) ಸಂಜೆಯೊಳಗೆ ಕೈಗೆ ಬರುತ್ತಿತ್ತು. ಐದು ವರ್ಷಗಳುದ್ದಕ್ಕೂ ಈ ವಿಳಂಬ ಸೇರುತ್ತಾ ಹೋದರೆ ಪ್ರಕಟವಾಗುವ ಸಂಶೋಧನಾ ಪ್ರಬಂಧಗಳ ಸಂಖ್ಯೆಯೂ ಗುಣಮಟ್ಟವೂ ತಗ್ಗುತ್ತವೆ, ಆದರೆ ಅರ್ಜಿ ನೋಡುವವರಿಗೆ ಕಾಣುವುದು ಪ್ರಬಂಧಗಳ ಪಟ್ಟಿಯೇ ಹೊರತು ಅದರ ಹಿಂದಿನ ಕಾಯುವಿಕೆಯಲ್ಲ. ಇದು ಬುದ್ಧಿವಂತ ಮಕ್ಕಳಿಗಾಗುತ್ತಿರುವ ಅನ್ಯಾಯವೆಂದೇ ನಾನು ನಂಬಿದ್ದೇನೆ.

ಇನ್ನು ನೇಮಕಾತಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಂಸ್ಥೆಯ ಹೆಸರಿಗೆ ಬೆಲೆಯಿಲ್ಲ; 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದಾಗ ಎಲ್ಲರೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ ಒಂದೇ ಸ್ಪರ್ಧಾತ್ಮಕ ಪರೀಕ್ಷೆಯನ್ನು ಬರೆಯಬೇಕಾಯಿತು. ವಿಶ್ವವಿದ್ಯಾಲಯಗಳಲ್ಲಿ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಕೊಟ್ಟ ಅಂಕಪಟ್ಟಿಯಲ್ಲೂ ಪಿಎಚ್‌ಡಿಗೆ 30 ಅಂಕ, ಅದು ಯಾವ ವಿಶ್ವವಿದ್ಯಾಲಯದ್ದೆಂಬುದಕ್ಕೆ ಪ್ರತ್ಯೇಕ ಅಂಕವಿಲ್ಲ. ಆದರೆ ಪ್ರಬಂಧಗಳಿಗೆ 10 ಮತ್ತು ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ 10 ಅಂಕಗಳಿರುವುದರಿಂದ, ಹೆಸರಾಂತ ಸಂಸ್ಥೆಯಲ್ಲಿದ್ದವರ ಅನುಕೂಲ ಹಿಂಬಾಗಿಲಿನಿಂದ ಒಳಬರುತ್ತದೆ.

ಐಐಟಿಗಳು ಮತ್ತು ವಿಜ್ಞಾನ ಶಿಕ್ಷಣ, ಸಂಶೋಧನೆಗಾಗಿಯೇ ಇರುವ ಕೇಂದ್ರ ಸಂಸ್ಥೆಗಳಾದ ಐಸರ್‌ಗಳ ಕಥೆಯೇ ಬೇರೆ. ಅಲ್ಲಿ ಪಿಎಚ್‌ಡಿಯ ನಂತರದ ಸಂಶೋಧನಾ ಅನುಭವವೂ ಕ್ಷೇತ್ರದಲ್ಲಿ ಹೆಸರು ಮಾಡಿದವರ ಶಿಫಾರಸು ಪತ್ರವೂ ಇಲ್ಲದೆ ಮುಂದೆ ಹೋಗುವುದು ಕಷ್ಟ. ವಿಶ್ವವಿದ್ಯಾಲಯದ ವಿಳಾಸದಿಂದ ನಾನು ಕಳುಹಿಸಿದ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ; ಪೋಸ್ಟ್‌ಡಾಕ್ ಮುಗಿಯುವ ಹೊತ್ತಿಗೆ, ಅದೇ ವಿಷಯದ ಮುಂದುವರಿದ ಕೆಲಸಕ್ಕೆ, ಉಪನ್ಯಾಸ ಕೊಡಲು ಆಹ್ವಾನಗಳು ಬಂದವು. ಅಮೆರಿಕದಲ್ಲಿ ಈ ಪಕ್ಷಪಾತವನ್ನು ಅಳೆದೇ ನೋಡಿದ್ದಾರೆ: ಅಲ್ಲೇ ಪಿಎಚ್‌ಡಿ ಪಡೆದ ಅಧ್ಯಾಪಕರಲ್ಲಿ ಶೇ 80ರಷ್ಟು ಮಂದಿ ಸುಮಾರು ಶೇ 20ರಷ್ಟು ವಿಶ್ವವಿದ್ಯಾಲಯಗಳಿಂದ ಬಂದವರೆಂದೂ, ಎಂಟರಲ್ಲೊಬ್ಬರು ಬರ್ಕ್ಲಿ, ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಸೇರಿದಂತೆ ಕೇವಲ ಐದು ಕಡೆ ಓದಿದವರೆಂದೂ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಎರಡೂ ಕಡೆ ಸೀಟು ಸಿಕ್ಕರೆ ರಾಷ್ಟ್ರೀಯ ಸಂಸ್ಥೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಆದರೆ ವಿದ್ಯಾರ್ಥಿಗಳಿಗಾಗಿ ಸಮಯ ಕೊಡದ ದೊಡ್ಡ ಹೆಸರಿನ ಗೈಡ್‌ಗಿಂತ, ತಾನೇ ಪ್ರಯೋಗಾಲಯಕ್ಕೆ ಬಂದು ದತ್ತಾಂಶ ನೋಡುವ, ಹೊರಗಿನವರೊಂದಿಗೆ ಜಂಟಿ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯದ ಗೈಡ್ ಮೇಲು. ಸೇರುವ ಮುನ್ನ ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲೆಲ್ಲಿದ್ದಾರೆಂದು ವಿಚಾರಿಸಿ, ಸಾಧ್ಯವಾದರೆ ಇಬ್ಬರೊಂದಿಗಾದರೂ ಫೋನಿನಲ್ಲಿ ಮಾತನಾಡಿ.